ಮೂಲನಿವಾಸಿಗಳ ದಿನ: ಬರ್ಕ್ಲಿ ನಗರದ ನಿರ್ಣಯ ಮತ್ತು ಅದರ ಹರಹು

ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಊರುಗಳಲ್ಲಿ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಆ ನೆಲದ ಮೊದಲ ಜನರ ಗೌರವಾರ್ಥ ನಡೆಯುವ ಆಚರಣೆ. ಇಂಗ್ಲಿಷಿನಲ್ಲಿ ಇಂಡಿಜಿನಸ್ ಪೀಪಲ್ಸ್ ಡೇ ಎಂದು ಹೆಸರು. ಕೆಲವು ಊರುಗಳು ಇದನ್ನು ಕೊಲಂಬಸ್ ದಿನದ ಬದಲಿಗೆ ಆಚರಿಸುತ್ತವೆ, ಕೆಲವು ಅದರ ಜೊತೆಗೇ ಇಟ್ಟುಕೊಂಡಿವೆ. ಕೊಲಂಬಸ್ ದಿನವನ್ನು ಕೈಬಿಟ್ಟು ಇದನ್ನು ಆರಿಸಿಕೊಂಡ ಮೊದಲ ನಗರ ಕ್ಯಾಲಿಫೋರ್ನಿಯಾದ ಬರ್ಕ್ಲಿ, ವರ್ಷ 1992. ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದಂಡೆಯಲ್ಲಿರುವ ಈ ವಿಶ್ವವಿದ್ಯಾನಿಲಯದ ಊರಿನ ಜನಸಂಖ್ಯೆ 2020ರ ಗಣತಿಯಂತೆ 1,24,321. ನಗರಸಭೆಯ ಒಂದು ನಿರ್ಣಯಕ್ಕೆ ಕಾನೂನಿನ ಬಲ ಕಡಿಮೆ. ಆದರೂ ರಾಷ್ಟ್ರದ ಮಟ್ಟದಲ್ಲಿ ಯಾರೂ ಉತ್ತರಿಸದ ಪ್ರಶ್ನೆಯೊಂದನ್ನು, ಅಂದರೆ ಈ ಊರು ನಿಂತಿರುವ ನೆಲ ಯಾರದು ಎಂಬುದನ್ನು, ಊರಿನ ಮಟ್ಟದಲ್ಲಿ ಕೇಳಲು ಅದು ದಾರಿ ಮಾಡಿತು. ಬರ್ಕ್ಲಿಯ ಪ್ರಕರಣ ಮುಖ್ಯವಾಗುವುದು ಈ ಕಾರಣಕ್ಕೆ.

ಅಕ್ಟೋಬರ್ 12ರ ಹಿನ್ನೆಲೆ

1492ರ ಅಕ್ಟೋಬರ್ 12ರಂದು ಕ್ರಿಸ್ಟೋಫರ್ ಕೊಲಂಬಸ್ ಇಂದಿನ ಬಹಾಮಾಸ್‌ನ ಒಂದು ದ್ವೀಪದಲ್ಲಿ ಇಳಿದ. ಅಲ್ಲಿದ್ದ ತೈನೊ ಜನ ಅದನ್ನು ಗ್ವಾನಹಾನಿ ಎನ್ನುತ್ತಿದ್ದರು. ಏಷ್ಯಕ್ಕೆ ಪಶ್ಚಿಮದ ಜಲಮಾರ್ಗ ಹುಡುಕಿ ಹೊರಟಿದ್ದ ಆತ ತಾನು ಇಂಡೀಸ್ ತಲುಪಿದೆನೆಂದೇ ನಂಬಿ ಅಲ್ಲಿಯವರನ್ನು ಇಂಡಿಯನ್ನರೆಂದು ಕರೆದ. ನಮ್ಮ ಶಾಲಾ ಪಾಠಗಳಲ್ಲಿ ಕತೆ ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತಿತ್ತು. ಅಮೆರಿಕವನ್ನು ಕಂಡುಹಿಡಿದವನು ಯಾರು ಎಂಬ ಪ್ರಶ್ನೆಗೆ ಒಂದು ಹೆಸರು ಬರೆದರೆ ಅಂಕ ಸಿಗುತ್ತಿತ್ತು. ಮುಂದೆ ನಡೆದದ್ದು ಬೇರೆ. 1493ರಲ್ಲಿ ಆತ 17 ಹಡಗುಗಳೊಂದಿಗೆ ಮರಳಿ ಬಂದು ಹಿಸ್ಪಾನಿಯೋಲ ದ್ವೀಪದಲ್ಲಿ ವಸಾಹತು ಹೂಡಿದ. 1495ರಲ್ಲಿ ಸುಮಾರು 1,500 ತೈನೊಗಳನ್ನು ಹಿಡಿಸಿ, ಅವರಲ್ಲಿ ಸುಮಾರು 550 ಮಂದಿಯನ್ನು ಗುಲಾಮರಾಗಿ ಮಾರಲು ಸ್ಪೇನಿಗೆ ಸಾಗಿಸಿದ. ಅನೇಕರು ದಾರಿಯಲ್ಲೇ ಸತ್ತರು. ಚಿನ್ನ ಸಿಗುವ ಸಿಬಾವೊ ಪ್ರಾಂತದಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಗೊತ್ತಾದ ಅಳತೆಯ ಚಿನ್ನವನ್ನು ಕಪ್ಪವಾಗಿ ಒಪ್ಪಿಸಬೇಕಾಯಿತು. 1500ರಲ್ಲಿ ಸ್ಪೇನಿನ ಅರಸೊತ್ತಿಗೆಯ ಅಧಿಕಾರಿಯೇ ಆತನನ್ನು ಬಂಧಿಸಿ ಸಂಕೋಲೆ ತೊಡಿಸಿ ಸ್ವದೇಶಕ್ಕೆ ಕಳಿಸಿದ. ದುಡಿಮೆಯ ದಬ್ಬಾಳಿಕೆ, ಹಸಿವು, ಯುರೋಪಿನಿಂದ ಬಂದ ಸಿಡುಬು ಇವೆಲ್ಲ ಸೇರಿ ಅರ್ಧ ಶತಮಾನದೊಳಗೆ ಆ ದ್ವೀಪದ ತೈನೊ ಸಮಾಜ ಕುಸಿದುಬಿತ್ತು.

ಅಮೆರಿಕದಲ್ಲಿ ಕೊಲಂಬಸ್ ಇಳಿದ ದಿನದ ಮೊದಲ ಆಚರಣೆ ನಡೆದದ್ದು 1792ರಲ್ಲಿ, ನ್ಯೂಯಾರ್ಕಿನ ಟಾಮನಿ ಸೊಸೈಟಿಯಿಂದ. ಅದಕ್ಕೆ ಜನಬಲ ಒದಗಿದ್ದು ಮಾತ್ರ ನೂರು ವರ್ಷದ ಅನಂತರ, ಇಟಲಿಯಿಂದ ವಲಸೆ ಬಂದ ಬಡವರಿಂದ. ಅವರನ್ನು ಅಮೆರಿಕದ ಸಮಾಜ ಒಳಗೆ ಬಿಟ್ಟುಕೊಂಡಿರಲಿಲ್ಲ. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಉದ್ರಿಕ್ತ ಗುಂಪು ಸೆರೆಮನೆಗೆ ನುಗ್ಗಿ 11 ಮಂದಿ ಇಟಲಿ ಮೂಲದವರನ್ನು ಕೊಂದಿತು. ಮರುವರ್ಷ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕೊಲಂಬಸ್‌ನ 400ನೆಯ ವರ್ಷವನ್ನು ದೇಶವೆಲ್ಲ ಆಚರಿಸಬೇಕೆಂದು ಘೋಷಿಸಿದ. ಕೊಲರಾಡೊ 1907ರಲ್ಲಿ ಕೊಲಂಬಸ್ ದಿನವನ್ನು ರಾಜ್ಯದ ರಜೆಯಾಗಿ ಕಾನೂನಿಗೆ ತಂದಿತು. ಎರಡನೆಯ ಮಹಾಯುದ್ಧದಲ್ಲಿ ಇಟಲಿ ಪೌರತ್ವದ ವಲಸಿಗರು ಶತ್ರುದೇಶದವರೆಂಬ ಪಟ್ಟಿಗೆ ಸೇರಿದ್ದರು. ಅವರನ್ನು ಆ ಪಟ್ಟಿಯಿಂದ ತೆಗೆಯಲಾಗುವುದೆಂದು ಸರ್ಕಾರ ಸಾರಿದ ದಿನ 1942ರ ಅಕ್ಟೋಬರ್ 12. 1968ರಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಕಾನೂನಿನಿಂದ 1971ರಿಂದ ಎರಡನೆಯ ಸೋಮವಾರ ಒಕ್ಕೂಟ ಸರ್ಕಾರದ ರಜೆಯಾಯಿತು. ಅವಮಾನ ಉಂಡ ಒಂದು ಸಮುದಾಯ ತಾನೂ ಈ ದೇಶದ್ದೇ ಎಂದು ಹೇಳಿಕೊಳ್ಳಲು ಈ ದಿನವನ್ನು ಆಸರೆಯಾಗಿ ಹಿಡಿದಿತ್ತು. ಕೊಲಂಬಸ್ ದಿನ ಬೇಡವೆನ್ನುವವರು ಈ ಚರಿತ್ರೆಯನ್ನು ಬದಿಗೊತ್ತಿ ಮಾತಾಡಿದರೆ ಅದೂ ಅನ್ಯಾಯವೇ. ಆಸರೆಯಾಗಿ ಸಿಕ್ಕ ಆ ಹೆಸರು ಇನ್ನೊಂದು ಜನದ ಪಾಲಿಗೆ ಸರ್ವನಾಶದ ಹೆಸರಾಗಿತ್ತು ಎಂಬುದೇ ಇಲ್ಲಿನ ಬಿಕ್ಕಟ್ಟು.

ಜಿನೀವಾ, ಕ್ವಿಟೊ, ಬರ್ಕ್ಲಿ

ದಿನವನ್ನು ಬದಲಿಸುವ ಆಲೋಚನೆ ಹುಟ್ಟಿದ್ದು ನಗರಸಭೆಗಳಲ್ಲಿ ಅಲ್ಲ, ಮೂಲನಿವಾಸಿಗಳ ಸಭೆಗಳಲ್ಲಿ. 1977ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ, ವಿಶ್ವಸಂಸ್ಥೆಯ ಆಶ್ರಯದಲ್ಲಿ ಸರ್ಕಾರೇತರ ಸಂಸ್ಥೆಗಳ ಸಮ್ಮೇಳನವೊಂದು ಸೇರಿತು. ಉತ್ತರ ಮತ್ತು ದಕ್ಷಿಣ ಅಮೆರಿಕಗಳ ಮೂಲನಿವಾಸಿಗಳ ಮೇಲಿನ ತಾರತಮ್ಯ ಅದರ ವಿಷಯ. ಅಕ್ಟೋಬರ್ 12ನ್ನು ಅವರೊಡನೆ ಒಗ್ಗಟ್ಟು ತೋರುವ ಅಂತರರಾಷ್ಟ್ರೀಯ ದಿನವನ್ನಾಗಿ ಆಚರಿಸಬೇಕೆಂದು ಅಲ್ಲಿ ನಿರ್ಣಯವಾಯಿತು. 1990ರ ಜುಲೈನಲ್ಲಿ ಈಕ್ವೆಡಾರಿನ ಕ್ವಿಟೊ ನಗರದಲ್ಲಿ ಖಂಡದುದ್ದಗಲದ ಬುಡಕಟ್ಟುಗಳ ಪ್ರತಿನಿಧಿಗಳು ಸೇರಿ, 1992ರ ಐನೂರನೆಯ ವರ್ಷವನ್ನು ಐನೂರು ವರ್ಷಗಳ ಪ್ರತಿರೋಧದ ನೆನಪಾಗಿ ಆಚರಿಸುವ ಸಂಕಲ್ಪ ತೊಟ್ಟರು. ಕ್ವಿಟೊದಿಂದ ಮರಳಿದವರು ಉತ್ತರ ಕ್ಯಾಲಿಫೋರ್ನಿಯಾದ ಡೇವಿಸ್ ಬಳಿಯ ಡಿ-ಕ್ಯೂ ವಿಶ್ವವಿದ್ಯಾನಿಲಯದಲ್ಲಿ ಇನ್ನೊಂದು ಸಭೆ ಕರೆದರು. ಮೂಲನಿವಾಸಿಗಳೇ 1971ರಲ್ಲಿ ಕಟ್ಟಿಕೊಂಡಿದ್ದ ಶಿಕ್ಷಣ ಸಂಸ್ಥೆ ಅದು.

ಅದೇ ವೇಳೆಗೆ ಕೊಲ್ಲಿಯ ಇನ್ನೊಂದು ದಂಡೆಯಲ್ಲಿ ಬೇರೆ ಸಿದ್ಧತೆ ನಡೆದಿತ್ತು. ಐನೂರನೆಯ ವರ್ಷದ ಸಂಭ್ರಮದ ಪ್ರಮುಖ ತಾಣವಾಗಿ ಸಾನ್ ಫ್ರಾನ್ಸಿಸ್ಕೊ ಗೊತ್ತಾಗಿತ್ತು. ಕೊಲಂಬಸ್‌ನ ಮೂರು ಹಡಗುಗಳ ಪ್ರತಿಕೃತಿಗಳನ್ನು ಗೋಲ್ಡನ್ ಗೇಟ್ ಮೂಲಕ ಕೊಲ್ಲಿಯೊಳಕ್ಕೆ ತರುವ ಯೋಜನೆಯಿತ್ತು. ಬರ್ಕ್ಲಿಯ ನಾಗರಿಕರು ಕೆಲವರು ಮೂಲನಿವಾಸಿಗಳೊಡನೆ ಕೂಡಿ ಇದಕ್ಕೆ ಪರ್ಯಾಯ ಯೋಚಿಸಿದರು. ಆಗ ಮೇಯರ್ ಆಗಿದ್ದವರು ಲೋನಿ ಹ್ಯಾನ್ಕಾಕ್. ನಗರಸಭೆ ಒಂದು ಕಾರ್ಯಪಡೆ ನೇಮಿಸಿತು. ಅದರ ಹೆಸರು ರೆಸಿಸ್ಟೆನ್ಸ್ 500. ಮಸ್ಕೋಗಿ ಬುಡಕಟ್ಟಿನ ಮಿಲೀ ಕೆಚೆಶಾನೊ, ಸ್ಯಾಕ್ ಮತ್ತು ಫಾಕ್ಸ್ ಬುಡಕಟ್ಟಿನ ಡೆನಿಸ್ ಜೆನಿಂಗ್ಸ್, ಪೊಟವಾಟಮಿ ಬುಡಕಟ್ಟಿನ ಲೀ ಸ್ಪ್ರೇಗ್, ಲೇಖಕ ಜಾನ್ ಕರ್ಲ್ ಮೊದಲಾದವರು ಆ ಕೆಲಸಕ್ಕೆ ಹೆಗಲು ಕೊಟ್ಟರು. ಕಾರ್ಯಪಡೆಯ ವರದಿಯನ್ನು ಒಪ್ಪಿದ ನಗರಸಭೆ 1992ನ್ನು ಮೂಲನಿವಾಸಿಗಳ ವರ್ಷವೆಂದೂ ಅಕ್ಟೋಬರ್ 12ನ್ನು ಅವರ ದಿನವೆಂದೂ ಸಾರಿತು. ಕೊಲಂಬಸ್ ದಿನ ನಗರದ ಪಟ್ಟಿಯಿಂದ ಹೋಯಿತು.

ಮೂರು ಬುಡಕಟ್ಟುಗಳ ಹೆಸರನ್ನು ಇಲ್ಲಿ ಬಿಡಿಸಿ ಹೇಳಲು ಕಾರಣವಿದೆ. ಅವುಗಳಲ್ಲಿ ಒಂದೂ ಕ್ಯಾಲಿಫೋರ್ನಿಯಾದ್ದಲ್ಲ. 1950ರ ದಶಕದಲ್ಲಿ ಒಕ್ಕೂಟ ಸರ್ಕಾರ ಮೂಲನಿವಾಸಿಗಳನ್ನು ಅವರಿಗೆ ಮೀಸಲಾದ ನೆಲೆಗಳಿಂದ ನಗರಗಳಿಗೆ ಕಳಿಸುವ ನೀತಿ ಹಿಡಿದು, 1956ರಲ್ಲಿ ಅದಕ್ಕೊಂದು ಕಾನೂನನ್ನೂ ಮಾಡಿತು. ನಗರದಲ್ಲಿ ಕರಗಿಹೋದರೆ ಬುಡಕಟ್ಟುಗಳ ಪ್ರಶ್ನೆಯೂ ಕರಗುತ್ತದೆಂಬ ಎಣಿಕೆ ಅದರ ಹಿಂದಿತ್ತು. ನಡೆದದ್ದು ಅದಕ್ಕೆ ವಿರುದ್ಧ. ಓಕ್ಲೆಂಡ್‌ನಲ್ಲಿ 1955ರಲ್ಲಿ ತೆರೆದ ಇಂಟರ್‌ಟ್ರೈಬಲ್ ಫ್ರೆಂಡ್‌ಶಿಪ್ ಹೌಸ್‌ನಂತಹ ಕೂಡುಮನೆಗಳಲ್ಲಿ ಹತ್ತಾರು ಬುಡಕಟ್ಟುಗಳವರು ಒಬ್ಬರನ್ನೊಬ್ಬರು ಕಂಡುಕೊಂಡರು, ಜೊತೆಯಾಗಿ ಮಾತಾಡಲು ಕಲಿತರು. 1969ರ ನವೆಂಬರ್ 20ರಿಂದ 1971ರ ಜೂನ್ 11ರವರೆಗೆ ಕೊಲ್ಲಿಯ ಅಲ್ಕಟ್ರಾಜ್ ದ್ವೀಪವನ್ನು ಮೂಲನಿವಾಸಿಗಳು ಹಿಡಿದುಕೊಂಡು ಕೂತ ಹೋರಾಟ ಈ ಒಡನಾಟದ ಫಲ. ಬರ್ಕ್ಲಿಯ ದಿನವೂ ಅದೇ ಬೇರಿನದು.

ನೆಲದ ಮೊದಲಿಗರು

ಬರ್ಕ್ಲಿ ಇರುವ ನೆಲ ಓಲೋನಿ ಜನರದು. ಅವರ ಚೊಚೆನ್ಯೊ ಭಾಷೆಯಲ್ಲಿ ಈ ಸೀಮೆಗೆ ಹೂಚ್ಯೂನ್ ಎಂಬ ಹೆಸರಿತ್ತು. ಕೊಲ್ಲಿಯ ಅಂಚಿನಲ್ಲಿ, ತೊರೆಗಳು ಉಪ್ಪುನೀರು ಸೇರುವಲ್ಲಿ, ಅವರ ಹಳ್ಳಿಗಳು ಸಾವಿರಾರು ವರ್ಷ ಬಾಳಿದವು. ಚಿಪ್ಪುಮೀನು ತಿಂದು ಬಿಟ್ಟ ಚಿಪ್ಪು, ಒಲೆಯ ಬೂದಿ, ಮುರಿದ ಉಪಕರಣ ಇವೆಲ್ಲ ಸೇರಿ ಬೆಳೆದ ದಿಬ್ಬಗಳಲ್ಲೇ ಅವರು ತಮ್ಮ ಸತ್ತವರನ್ನೂ ಹೂಳುತ್ತಿದ್ದರು. ಪುರಾತತ್ತ್ವಜ್ಞ ನೆಲ್ಸ್ ನೆಲ್ಸನ್ 1909ರಲ್ಲಿ ಪ್ರಕಟಿಸಿದ ಸಮೀಕ್ಷೆ ಕೊಲ್ಲಿಯ ಸುತ್ತ ಇಂತಹ 425 ದಿಬ್ಬಗಳನ್ನು ಗುರುತಿಸಿತು. ಬಹುಪಾಲು ಇಂದು ಕಟ್ಟಡಗಳ, ರಸ್ತೆಗಳ ಅಡಿಯಲ್ಲಿವೆ. ಬರ್ಕ್ಲಿಯ ಪಕ್ಕದ ಎಮರಿವಿಲ್‌ನ ದೊಡ್ಡ ದಿಬ್ಬವಿದ್ದ ಜಾಗದಲ್ಲಿ ಈಗ ವ್ಯಾಪಾರ ಮಳಿಗೆಗಳ ಸಂಕೀರ್ಣವಿದೆ. ಬದಿಯ ರಸ್ತೆಗೆ ಶೆಲ್‌ಮೌಂಡ್ ಬೀದಿ ಎಂದು ಹೆಸರು.

1776ರಲ್ಲಿ ಸಾನ್ ಫ್ರಾನ್ಸಿಸ್ಕೊ, 1797ರಲ್ಲಿ ಸಾನ್ ಹೋಸೆ ಎಂಬ ಸ್ಪೇನಿನ ಕ್ರೈಸ್ತ ಮಿಷನ್‌ಗಳು ನೆಲೆಯೂರಿದವು. ಓಲೋನಿಗಳನ್ನು ಅಲ್ಲಿಗೆ ಸೇರಿಸಿ ದೀಕ್ಷೆ ಕೊಟ್ಟು ಹೊಲಗಳಲ್ಲಿ ದುಡಿಸಿದರು. ಒಳಗೆ ಬಂದವರಿಗೆ ಹೊರಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ರೋಗಗಳು ಆ ಕಿಕ್ಕಿರಿದ ವಸತಿಗಳಲ್ಲಿ ಅಪಾರ ಸಾವು ತಂದವು. ಸಾನ್ ಹೋಸೆ ಮಿಷನ್ ಇಂದಿನ ಫ್ರೀಮಾಂಟ್ ನಗರದೊಳಗಿದೆ. ಭಾರತೀಯರು, ಅವರಲ್ಲಿ ಕನ್ನಡಿಗರೂ, ದೊಡ್ಡ ಸಂಖ್ಯೆಯಲ್ಲಿ ಮನೆ ಮಾಡಿಕೊಂಡಿರುವ ಊರು ಅದು. ಅಲ್ಲಿಯ ಸಾರ್ವಜನಿಕ ಕಾಲೇಜಿಗೆ ಓಲೋನಿ ಎಂದೇ ಹೆಸರು. ನಿತ್ಯ ಅದರ ಮುಂದೆ ಹಾದುಹೋಗುವ ನಮ್ಮವರಿಗೆ ಆ ಹೆಸರಿನ ಜನ ಇಂದಿಗೂ ಇದ್ದಾರೆಂಬುದು ತಿಳಿದಿರಬೇಕು.

ಅಮೆರಿಕದ ಆಳ್ವಿಕೆ ಬಂದ ಮೇಲೆ ಸ್ಥಿತಿ ಇನ್ನೂ ಭೀಕರವಾಯಿತು. 1850ರ ರಾಜ್ಯ ಕಾನೂನು ಮೂಲನಿವಾಸಿಗಳ ರಕ್ಷಣೆಯ ಹೆಸರು ಹೊತ್ತು ಅವರನ್ನೂ ಅವರ ಮಕ್ಕಳನ್ನೂ ಜೀತಕ್ಕೆ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. 1851ರಲ್ಲಿ ರಾಜ್ಯಪಾಲ ಪೀಟರ್ ಬರ್ನೆಟ್, ಈ ಜನಾಂಗ ನಾಮಾವಶೇಷವಾಗುವವರೆಗೆ ಯುದ್ಧ ನಡೆಯುತ್ತಲೇ ಇರುತ್ತದೆಂದು ಶಾಸನಸಭೆಯ ಮುಂದೆ ಹೇಳಿದ. ಆ ವರ್ಷಗಳಲ್ಲಿ ಬುಡಕಟ್ಟುಗಳೊಡನೆ ಮಾಡಿಕೊಂಡ 18 ಒಪ್ಪಂದಗಳನ್ನು ಸೆನೆಟ್ ಅಂಗೀಕರಿಸದೆ ಗುಟ್ಟಾಗಿ ಮುಚ್ಚಿಟ್ಟಿತು. ಅವು ಹೊರಬಂದದ್ದು 1905ರಲ್ಲಿ. 1846ರಲ್ಲಿ ಸುಮಾರು ಒಂದೂವರೆ ಲಕ್ಷದಷ್ಟಿದ್ದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದರೆಂದು ಇತಿಹಾಸಕಾರರ ಅಂದಾಜು. ಇದನ್ನು ನರಮೇಧವೆಂದು ಹೆಸರಿಸಿ ರಾಜ್ಯದ ಪರವಾಗಿ ಕ್ಷಮೆ ಕೋರಿದ ಮೊದಲ ರಾಜ್ಯಪಾಲ ಗ್ಯಾವಿನ್ ನ್ಯೂಸಮ್. ಅದು 2019ರ ಜೂನ್‌ನಲ್ಲಿ.

ಬರ್ಕ್ಲಿ ಈ ಚರಿತ್ರೆಯಲ್ಲಿ ಹೊರಗಿನ ಊರಲ್ಲ. ಅಲ್ಲಿಯ ವಿಶ್ವವಿದ್ಯಾನಿಲಯದ ಹೆಸರಾಂತ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ 1925ರಲ್ಲಿ ಪ್ರಕಟಿಸಿದ ಕ್ಯಾಲಿಫೋರ್ನಿಯಾ ಬುಡಕಟ್ಟುಗಳ ಕೈಪಿಡಿಯಲ್ಲಿ, ಓಲೋನಿಗಳನ್ನು ವಾಸ್ತವದಲ್ಲಿ ನಶಿಸಿದ ಗುಂಪೆಂದು ಬರೆದರು. ಎರಡು ವರ್ಷದ ಅನಂತರ, 1927ರಲ್ಲಿ, ಸರ್ಕಾರದ ಮನ್ನಣೆಯಿದ್ದ ಅವರ ಒಂದು ಗುಂಪು ಅಧಿಕಾರಿಯ ವರದಿಯೊಂದರಿಂದ ಪಟ್ಟಿಯ ಹೊರಗಾಯಿತು. ವೆರೋನಾ ಬ್ಯಾಂಡ್ ಎಂಬ ಆ ಗುಂಪಿನವರು ಬರ್ಕ್ಲಿಯಿಂದ ದೂರವೇನಿಲ್ಲದ ಪ್ಲೆಸಂಟನ್, ಸುನೋಲ್ ಸುತ್ತ ಬದುಕಿದ್ದರು. ಭಾಷಾಶಾಸ್ತ್ರಜ್ಞ ಜೆ. ಪಿ. ಹ್ಯಾರಿಂಗ್ಟನ್ ಅದೇ ದಶಕದಲ್ಲಿ ಅವರ ಬಾಯಿಂದ ಚೊಚೆನ್ಯೊ ಮಾತುಗಳನ್ನು ಬರೆದುಕೊಂಡ. ನಿರರ್ಗಳವಾಗಿ ಆಡಬಲ್ಲ ಕೊನೆಯವರೆನ್ನುವ ಹೋಸೆ ಗುಸ್ಮಾನ್ 1934ರಲ್ಲಿ ತೀರಿಕೊಂಡರು. ಆ ಟಿಪ್ಪಣಿಗಳನ್ನು ಹಿಡಿದು ಅವರ ಸಂತತಿಯವರು ಈ ಶತಮಾನದಲ್ಲಿ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ. ಅವರಲ್ಲೊಬ್ಬರಾದ ವಿನ್ಸೆಂಟ್ ಮೆಡೀನಾ, ರಮ್ಸೆನ್ ಓಲೋನಿಯವರಾದ ಲೂಯಿ ಟ್ರೆವಿನೊ ಜೊತೆಗೂಡಿ 2018ರಲ್ಲಿ ಬರ್ಕ್ಲಿಯಲ್ಲಿ ಕೆಫೆ ಓಲೋನಿ ತೆರೆದರು. ಓಕ್ ಮರದ ಕಾಯಿಯ ಹಿಟ್ಟಿನ ಅಂಬಲಿಯಂತಹ ಹಳೆಯ ಅಡುಗೆ ಅಲ್ಲಿ ಮತ್ತೆ ಬಡಿಸುವಂತಾಯಿತು. ವಿಶ್ವವಿದ್ಯಾನಿಲಯ ತನ್ನ ಮಾನವಶಾಸ್ತ್ರದ ಕಟ್ಟಡಕ್ಕಿದ್ದ ಕ್ರೋಬರ್ ಹೆಸರನ್ನು 2021ರ ಜನವರಿಯಲ್ಲಿ ತೆಗೆಯಿತು. ಅಳಿದರೆಂದು ಪಂಡಿತರು ಬರೆದ ಮಾತು ಸರ್ಕಾರಿ ಕಡತಗಳಲ್ಲಿ ಎಷ್ಟು ಕಾಲ ಬಾಳುತ್ತದೆ, ಬದುಕಿರುವವರ ಹಕ್ಕನ್ನು ಹೇಗೆ ನುಂಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಗರದ ಅಧಿಕಾರ

ನಗರಸಭೆ ಒಕ್ಕೂಟದ ರಜೆಯನ್ನು ರದ್ದು ಮಾಡಲಾರದು. ಕೊಲಂಬಸ್ ದಿನದಂದು ಅಂಚೆ ಕಚೇರಿ, ಒಕ್ಕೂಟದ ನ್ಯಾಯಾಲಯಗಳು ಮುಚ್ಚಿರುತ್ತವೆ. ಊರು ಅದನ್ನು ಏನೆಂದು ಕರೆದರೂ ಅದು ಹಾಗೆಯೇ. ನಗರದ ಕೈಯಲ್ಲಿರುವುದು ತನ್ನ ಕಚೇರಿಗಳು, ತನ್ನ ನೌಕರರ ರಜೆಪಟ್ಟಿ, ತನ್ನ ಉದ್ಯಾನಗಳು ಮತ್ತು ತನ್ನ ಮಾತು. ಮೇಯರ್ ಹೊರಡಿಸುವ ಘೋಷಣೆ ಸಾಮಾನ್ಯವಾಗಿ ಆ ವರ್ಷದ ಮಟ್ಟಿಗೆ ಮಾತ್ರ. ಸಭೆಯ ನಿರ್ಣಯ ಅದಕ್ಕಿಂತ ಗಟ್ಟಿ. ಉಪವಿಧಿಯನ್ನೇ ತಿದ್ದಿದರೆ ಮಾತ್ರ ಅದು ಸಂಬಳಸಹಿತ ರಜೆಯಾಗುತ್ತದೆ, ಆಗ ನೌಕರರ ಸಂಘಗಳೊಡನೆ ಮಾಡಿಕೊಂಡ ಒಪ್ಪಂದವನ್ನೂ ನೋಡಬೇಕು. ಶಾಲೆಗಳು ಬೇರೆ ಮಂಡಳಿಯ ಅಧೀನದಲ್ಲಿರುವುದರಿಂದ ಪಠ್ಯದಲ್ಲಿ ಏನು ಬರಬೇಕೆಂಬುದು ಬೇರೆಯೇ ಹೋರಾಟ. ಅನೇಕ ಊರುಗಳಲ್ಲಿ ನಿರ್ಣಯದ ಜೊತೆಗೆ ಶಾಲೆಗಳಿಗೆ ಶಿಫಾರಸು ಹೋಗುತ್ತದೆ, ಅಲ್ಲಿಗೆ ಮುಗಿಯುತ್ತದೆ.

ಪೌವೌ ಮತ್ತು ಆಮೆಯ ಕಾರಂಜಿ

ಬರ್ಕ್ಲಿಯಲ್ಲಿ ದಿನದ ಮುಖ್ಯ ಆಚರಣೆ ಪೌವೌ. ನಗರದ ಮಧ್ಯದ ಮಾರ್ಟಿನ್ ಲೂಥರ್ ಕಿಂಗ್ ಉದ್ಯಾನದಲ್ಲಿ, ಅಕ್ಟೋಬರ್ 12ರ ಹತ್ತಿರದ ಶನಿವಾರ, 1993ರಿಂದ ಇದು ನಡೆದುಬಂದಿದೆ. ವೃತ್ತಾಕಾರದ ಅಂಗಳದ ಅಂಚಿನಲ್ಲಿ ದೊಡ್ಡ ಡೋಲನ್ನು ಸುತ್ತುವರಿದು ಕೂತ ಗುಂಪು ಬಾರಿಸುತ್ತ ಹಾಡುತ್ತದೆ, ಬುಡಕಟ್ಟಿಗೊಂದರಂತೆ ಉಡುಪು ತೊಟ್ಟವರು ಕುಣಿಯುತ್ತಾರೆ, ಕರೆಬಂದಾಗ ನೋಡುಗರೂ ಅಂಗಳಕ್ಕಿಳಿಯುತ್ತಾರೆ. ಸುತ್ತ ಮಣಿ, ಬುಟ್ಟಿ, ಬೆಳ್ಳಿಯ ಕೆಲಸಗಳ ಸಂತೆ. ಈಗಿನ ರೂಪದ ಪೌವೌ ಮುಖ್ಯವಾಗಿ ಬಯಲುನಾಡಿನ ಬುಡಕಟ್ಟುಗಳಿಂದ ಬೆಳೆದು ಎಲ್ಲರದೂ ಆದ ಸಂಪ್ರದಾಯ. ಓಲೋನಿಗಳ ಸ್ವಂತ ಆಚರಣೆಯಲ್ಲ. ಊರಿನ ಮೊದಲ ಜನರ ಹೆಸರಿನ ದಿನದಲ್ಲಿ ದೂರದಿಂದ ಬಂದ ಬುಡಕಟ್ಟುಗಳ ಕುಣಿತವೇ ಮುಂದಾಗುವುದರಲ್ಲಿ ಒಂದು ಇಕ್ಕಟ್ಟಿದೆ. ಅದಕ್ಕಾಗಿ ಆಚರಣೆಯನ್ನು ಹಳಿಯುವುದು ಸರಿಯಲ್ಲ: ನೆಲೆ ತಪ್ಪಿ ನಗರಕ್ಕೆ ಬಂದವರು ತಮಗೆ ಗೊತ್ತಿದ್ದ ರೀತಿಯಲ್ಲಿ ಬಾಗಿಲು ತೆರೆದರು, ಆ ಬಾಗಿಲಿನಿಂದ ಓಲೋನಿಗಳ ಮಾತು ಕ್ರಮೇಣ ಮುನ್ನೆಲೆಗೆ ಬಂತು.

ಅದೇ ಉದ್ಯಾನದಲ್ಲಿ ಬಹಳ ವರ್ಷಗಳಿಂದ ನೀರಿಲ್ಲದೆ ಒಣಗಿದ್ದ ಕಾರಂಜಿಯೊಂದನ್ನು ಟರ್ಟಲ್ ಐಲೆಂಡ್, ಅಂದರೆ ಆಮೆಯ ದ್ವೀಪ, ಎಂಬ ಸ್ಮಾರಕವಾಗಿ ಮಾರ್ಪಡಿಸುವ ಯೋಜನೆಯೂ 1992ರ ಆ ಚಿಂತನೆಯಿಂದಲೇ ಬಂದದ್ದು. ಭೂಮಿ ಆಮೆಯೊಂದರ ಬೆನ್ನಮೇಲೆ ಬೆಳೆಯಿತೆಂಬ ಕತೆ ಪೂರ್ವ ಮತ್ತು ಮಹಾಸರೋವರಗಳ ಸೀಮೆಯ ಹಲವು ಬುಡಕಟ್ಟುಗಳಲ್ಲಿದೆ. ಯೋಜನೆಗೆ ಒಪ್ಪಿಗೆ ಸಿಕ್ಕರೂ ಹಣ ಒದಗದೆ ಅದು ದಶಕಗಳ ಕಾಲ ಕಾಗದದಲ್ಲೇ ಉಳಿಯಿತು.

ಬೇರೆ ಊರುಗಳು

ದಕ್ಷಿಣ ಡಕೋಟ ರಾಜ್ಯ 1990ರಲ್ಲೇ, ಅಮೆರಿಕದ ಸೈನ್ಯ ಲಕೋಟ ಜನರನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದಾಗ, ಲಕೋಟ ಪತ್ರಕರ್ತ ಟಿಮ್ ಜಿಯಾಗೊ ಅವರ ಸಲಹೆಯಂತೆ ಕೊಲಂಬಸ್ ದಿನವನ್ನು ನೇಟಿವ್ ಅಮೆರಿಕನ್ ದಿನವನ್ನಾಗಿ ಬದಲಿಸಿತ್ತು. ನಗರಗಳಲ್ಲಿ ಬರ್ಕ್ಲಿಯನ್ನು ಅನುಸರಿಸಿದ್ದು 1994ರಲ್ಲಿ ಕ್ಯಾಲಿಫೋರ್ನಿಯಾದ್ದೇ ಆದ ಸಾಂತಾ ಕ್ರೂಜ್. ಆಮೇಲೆ ಇಪ್ಪತ್ತು ವರ್ಷ ಹೇಳಿಕೊಳ್ಳುವಂತಹ ಚಲನೆ ಕಾಣಲಿಲ್ಲ.

ಬಿರುಸು ಬಂದದ್ದು 2014ರಲ್ಲಿ. ಏಪ್ರಿಲ್‌ನಲ್ಲಿ ಮಿನಿಯಾಪೊಲಿಸ್ ಸರ್ವಾನುಮತದಿಂದ ಒಪ್ಪಿತು. ಅಮೆರಿಕನ್ ಇಂಡಿಯನ್ ಚಳವಳಿ 1968ರಲ್ಲಿ ಹುಟ್ಟಿದ ಊರು ಅದು. ಅಕ್ಟೋಬರ್ 6ರಂದು ಸಿಯಾಟಲ್ ಒಪ್ಪಿತು. ಸಿಯಾಟಲ್‌ನ ಕತೆ ಬರ್ಕ್ಲಿಯದಷ್ಟೇ ಮನ ತಟ್ಟುವಂಥದು. ನಗರಕ್ಕೆ ಹೆಸರು ಬಂದದ್ದು ಡುವಾಮಿಶ್ ಮತ್ತು ಸುಕ್ವಾಮಿಶ್ ಜನರ ನಾಯಕ ಸಿಯಾಲ್‌ನಿಂದ. 1865ರಲ್ಲಿ ಪಟ್ಟಣದ ಆಡಳಿತ ಹೊರಡಿಸಿದ ತನ್ನ ಆರಂಭದ ಆಜ್ಞೆಗಳಲ್ಲೊಂದು, ಮೂಲನಿವಾಸಿಗಳು ಪಟ್ಟಣದೊಳಗೆ ನೆಲೆಸಕೂಡದು ಎಂಬುದು. ಒಂದೂವರೆ ಶತಮಾನದ ಅನಂತರ ಅದೇ ನಗರದ ಸಭೆ ಅವರ ಹೆಸರಿನಲ್ಲಿ ದಿನವೊಂದನ್ನು ಎತ್ತಿಟ್ಟಿತು. ನಿರ್ಣಯವನ್ನು ಬೆಂಬಲಿಸಿ ದುಡಿದ ಸದಸ್ಯರಲ್ಲಿ ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್ ಒಬ್ಬರು. ಡುವಾಮಿಶ್ ಬುಡಕಟ್ಟಿಗೆ ಒಕ್ಕೂಟದ ಮನ್ನಣೆ ಮಾತ್ರ ಸಿಕ್ಕಿಲ್ಲ.

ಲಾಸ್ ಏಂಜಲಿಸ್ 2017ರ ಆಗಸ್ಟ್ 30ರಂದು 14ಕ್ಕೆ 1 ಮತದಿಂದ ಬದಲಾವಣೆ ಮಾಡಿತು. ಅದನ್ನು ಮುಂದಿಟ್ಟವರು ವೈಯಂಡಾಟ್ ಮೂಲದ ಸದಸ್ಯ ಮಿಚ್ ಒ'ಫ್ಯಾರೆಲ್. ಇಟಲಿ ಮೂಲದ ನಿವಾಸಿಗಳ ನೋವು ಅಲ್ಲಿಯ ಚರ್ಚೆಯಲ್ಲಿ ದೊಡ್ಡದಾಗಿ ಕೇಳಿಬಂತು. ಈ ಇಕ್ಕಟ್ಟಿಗೆ ಕೊಲರಾಡೊ ಕಂಡುಕೊಂಡ ದಾರಿ ಬೇರೆ: ಕೊಲಂಬಸ್ ದಿನವನ್ನು ಮೊದಲು ಕಾನೂನಿಗೆ ತಂದ ರಾಜ್ಯವೇ 2020ರಲ್ಲಿ ಅದನ್ನು ತೆಗೆದು, ಇಟಲಿಯಿಂದ ಬಂದು ಬಡ ವಲಸಿಗರ ಸೇವೆಯಲ್ಲಿ ಬದುಕು ಸವೆಸಿದ ಸನ್ಯಾಸಿನಿ ಫ್ರಾನ್ಸೆಸ್ ಕಬ್ರೀನಿಯ ಹೆಸರಿನಲ್ಲಿ ರಜೆ ಇಟ್ಟಿತು. ಒಂದು ಸಮುದಾಯದ ಅಭಿಮಾನವನ್ನು ಉಳಿಸಲು ಕೊಲಂಬಸ್ಸೇ ಬೇಕೆಂದಿಲ್ಲ ಎಂಬುದನ್ನು ಇಷ್ಟು ಗೌರವದಿಂದ ತೋರಿಸಿಕೊಟ್ಟ ಇನ್ನೊಂದು ನಿರ್ಧಾರ ಕಾಣಸಿಗದು.

ಮೇಯ್ನ್, ವರ್ಮಾಂಟ್, ನ್ಯೂ ಮೆಕ್ಸಿಕೊ ರಾಜ್ಯಗಳು 2019ರಲ್ಲಿ ಕಾನೂನು ಮಾಡಿದವು. 2021ರ ಅಕ್ಟೋಬರ್ 8ರಂದು ಜೋ ಬೈಡನ್ ಮೂಲನಿವಾಸಿಗಳ ದಿನದ ಘೋಷಣೆ ಹೊರಡಿಸಿದರು. ಅಧ್ಯಕ್ಷರೊಬ್ಬರಿಂದ ಅಂಥದು ಅದೇ ಮೊದಲು. ಕೊಲಂಬಸ್ ದಿನದ ಘೋಷಣೆಯನ್ನೂ ಅವರು ಜೊತೆಗೇ ಹೊರಡಿಸಿದ್ದರು. 2025ರಲ್ಲಿ ಡೊನಾಲ್ಡ್ ಟ್ರಂಪ್ ಕೊಲಂಬಸ್ ದಿನವೊಂದನ್ನೇ ಘೋಷಿಸಿದರು. ಅಧ್ಯಕ್ಷರ ಘೋಷಣೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಊರಿನ ನಿರ್ಣಯ ಊರಿನವರು ಬದಲಿಸುವವರೆಗೆ ನಿಂತಿರುತ್ತದೆ.

ಇತರ ದೇಶಗಳು

ವೆನೆಜುವೆಲ 2002ರಲ್ಲಿ ಅಕ್ಟೋಬರ್ 12ನ್ನು ಮೂಲನಿವಾಸಿಗಳ ಪ್ರತಿರೋಧದ ದಿನವೆಂದು ಕರೆಯಿತು. ಅರ್ಜೆಂಟೀನ 2010ರಲ್ಲಿ ಸಾಂಸ್ಕೃತಿಕ ವೈವಿಧ್ಯದ ಗೌರವದ ದಿನವೆಂದಿತು. ಸ್ಪೇನಿನಲ್ಲಿ ಅದು ಇಂದಿಗೂ ರಾಷ್ಟ್ರೀಯ ದಿನ. ಕೆನಡದಲ್ಲಿ ಜೂನ್ 21 ಮೂಲನಿವಾಸಿಗಳ ರಾಷ್ಟ್ರೀಯ ದಿನವಾಗಿ 1996ರಿಂದ ನಡೆದಿದೆ. ವಿಶ್ವಸಂಸ್ಥೆ 1994ರಲ್ಲಿ ಆಗಸ್ಟ್ 9ನ್ನು ಆರಿಸಿಕೊಂಡಿತು. 1982ರಲ್ಲಿ ಮೂಲನಿವಾಸಿಗಳ ಕುರಿತ ಅದರ ಕಾರ್ಯತಂಡ ಮೊದಲು ಸಭೆ ಸೇರಿದ ದಿನ ಅದು. 2007ರ ಸೆಪ್ಟೆಂಬರ್ 13ರಂದು ಮೂಲನಿವಾಸಿಗಳ ಹಕ್ಕುಗಳ ಘೋಷಣೆ 144 ದೇಶಗಳ ಮತದಿಂದ ಅಂಗೀಕಾರವಾದಾಗ ವಿರೋಧಿಸಿದ ನಾಲ್ಕು ದೇಶಗಳು ಅಮೆರಿಕ, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್. ನಾಲ್ಕೂ ಆಮೇಲೆ ನಿಲುವು ಬದಲಿಸಿದವು. ಭಾರತ ಪರವಾಗಿ ಮತ ಹಾಕಿತು, ಆದರೆ ಭಾರತೀಯರೆಲ್ಲರೂ ಈ ನೆಲದ ಮೂಲನಿವಾಸಿಗಳೇ ಎಂಬುದು ಸರ್ಕಾರದ ನಿಲುವು. ಜಾರ್ಖಂಡ್, ಛತ್ತೀಸ್‌ಗಢಗಳಲ್ಲಿ ಆಗಸ್ಟ್ 9 ವಿಶ್ವ ಆದಿವಾಸಿ ದಿನವಾಗಿ ವಿಜೃಂಭಣೆಯಿಂದ ನಡೆಯುತ್ತದೆ. ಬಿರ್ಸಾ ಮುಂಡಾ ಹುಟ್ಟಿದ ನವೆಂಬರ್ 15ನ್ನು ಕೇಂದ್ರ ಸರ್ಕಾರ 2021ರಿಂದ ಜನಜಾತೀಯ ಗೌರವ ದಿವಸವಾಗಿ ಆಚರಿಸುತ್ತಿದೆ. ದಿನಾಚರಣೆಗಿಂತ ನೆಲದ ಹಕ್ಕು ದೊಡ್ಡದೆಂಬುದಕ್ಕೆ ಕರ್ನಾಟಕದಲ್ಲೂ ಸಾಕ್ಷಿಯಿದೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಪಡೆದಾಗ, ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಅಂತಹ ಹಕ್ಕು ಮೊದಲ ಬಾರಿಗೆ ಸಿಕ್ಕಿತ್ತು.

ದಿಬ್ಬದ ನೆಲ ಮರಳಿದ್ದು

ಬರ್ಕ್ಲಿಯಲ್ಲಿ ದಿನದ ಮಾತು ನೆಲದ ಮಾತಿಗೆ ತಿರುಗಿದ್ದು ಪಶ್ಚಿಮ ಬರ್ಕ್ಲಿಯ ಚಿಪ್ಪಿನ ದಿಬ್ಬದ ವಿಷಯದಲ್ಲಿ. ಸ್ಟ್ರಾಬೆರಿ ತೊರೆ ಕೊಲ್ಲಿ ಸೇರುತ್ತಿದ್ದ ಜಾಗದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದೆ ನೆಲೆಯಾದ ಹಳ್ಳಿಯದು ಈ ದಿಬ್ಬ. ಕೊಲ್ಲಿಯ ಸುತ್ತಣ ವಸತಿಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು. ಸುಮಾರು 20 ಅಡಿ ಎತ್ತರವಿದ್ದ ಅದನ್ನು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ಅಗೆದು ರಸ್ತೆಗೆ ಹಾಸಿದರು, ಗೊಬ್ಬರಕ್ಕೆ ಮಾರಿದರು. ಉಳಿದ ಭಾಗದ ಮೇಲೆ ಡಾಂಬರು ಬಿದ್ದು ಹೋಟೆಲಿಗೆ ಬಂದವರು ಕಾರು ನಿಲ್ಲಿಸುವ ಬಯಲಾಯಿತು. ನಗರ 2000ರಲ್ಲಿ ಅದನ್ನು ಸಂರಕ್ಷಿತ ತಾಣವೆಂದು ಗುರುತಿಸಿತು. 2018ರಲ್ಲಿ ಅಲ್ಲಿ ವಸತಿ ಸಮುಚ್ಚಯ ಕಟ್ಟಲು, ಮನೆ ನಿರ್ಮಾಣಕ್ಕೆ ತ್ವರಿತ ಅನುಮತಿ ಕೊಡುವ ರಾಜ್ಯದ ಹೊಸ ಕಾನೂನಿನಡಿ ಅರ್ಜಿ ಬಂತು. ನಗರ ನಿರಾಕರಿಸಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಮೊದಲ ಹಂತದಲ್ಲಿ ನಗರ ಗೆದ್ದಿತು; 2021ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ತಿರುಗಿಸಿ ಕಟ್ಟುವವರ ಪರ ನಿಂತಿತು. ನೆಲದಡಿಯಲ್ಲಿರುವ ಅವಶೇಷ ಆ ಕಾನೂನು ಹೇಳುವ ಐತಿಹಾಸಿಕ ಕಟ್ಟಡವಲ್ಲ ಎಂಬುದು ತೀರ್ಪಿನ ತಿರುಳು. ಸಮಾಧಿ ಎದ್ದುನಿಂತ ಕಟ್ಟಡವಲ್ಲವೆಂಬ ಕಾರಣಕ್ಕೆ ರಕ್ಷಣೆ ತಪ್ಪುವುದನ್ನು ಕಂಡಾಗ, ಇಂತಹ ಕಾನೂನುಗಳನ್ನು ಬರೆದವರ ಕಣ್ಣಿಗೆ ಯಾರ ಚರಿತ್ರೆ ಚರಿತ್ರೆಯಾಗಿ ಕಂಡಿರಲಿಲ್ಲವೆಂಬುದು ತಿಳಿಯುತ್ತದೆ.

ದಿಬ್ಬ ಉಳಿಸುವ ಹೋರಾಟದ ಮುಂಚೂಣಿಯಲ್ಲಿದ್ದವರು ಲಿಶಾನ್ ಓಲೋನಿಗಳ ನಾಯಕಿ ಕೊರಿನಾ ಗೂಲ್ಡ್. ಅವರೂ ಜೊನೆಲಾ ಲರೋಸ್ ಅವರೂ 2012ರಲ್ಲಿ ಸ್ಥಾಪಿಸಿದ ಸೊಗೊರಿಯಾ ಟೇ ಭೂಟ್ರಸ್ಟ್ ಮಹಿಳೆಯರೇ ನಡೆಸುವ ಸಂಸ್ಥೆ. ಓಲೋನಿ ನೆಲದಲ್ಲಿ ಮನೆ ಮಾಡಿಕೊಂಡಿರುವವರು ತಾವಾಗಿಯೇ ವರ್ಷಕ್ಕಿಷ್ಟು ಕೊಡುವ ಶೂಮಿ ಎಂಬ ಭೂಕಾಣಿಕೆಯನ್ನು ಅದು ಸಂಗ್ರಹಿಸುತ್ತದೆ. 2022ರಲ್ಲಿ ಓಕ್ಲೆಂಡ್ ನಗರ ಜೊವಾಕಿನ್ ಮಿಲರ್ ಉದ್ಯಾನದ ಸುಮಾರು 5 ಎಕರೆಯನ್ನು ಅದಕ್ಕೂ ಲಿಶಾನ್ ಬುಡಕಟ್ಟಿಗೂ ಬಿಟ್ಟುಕೊಡಲು ಒಪ್ಪಿತು. ಬರ್ಕ್ಲಿಯ ದಿಬ್ಬದ 2.2 ಎಕರೆ ಖಾಸಗಿಯವರದಾದ್ದರಿಂದ ಅದನ್ನು ಕೊಳ್ಳಲೇಬೇಕಾಯಿತು. ಬೆಲೆ 2.7 ಕೋಟಿ ಡಾಲರ್. ಟ್ರಸ್ಟ್ 2.55 ಕೋಟಿ ಹೊಂದಿಸಿತು. ಅದರಲ್ಲಿ 2 ಕೋಟಿ ಒಂದು ದತ್ತಿಸಂಸ್ಥೆ ಶೂಮಿಯಾಗಿ ಕೊಟ್ಟದ್ದು. ಉಳಿದ 15 ಲಕ್ಷವನ್ನು ನಗರ ಭರಿಸಿತು. 2024ರ ಮಾರ್ಚ್ 12ರಂದು ನಗರಸಭೆ ಸರ್ವಾನುಮತದಿಂದ ಒಪ್ಪಿಗೆ ಕೊಟ್ಟು ನೆಲವನ್ನು ಟ್ರಸ್ಟಿಗೆ ಹಸ್ತಾಂತರಿಸುವ ದಾರಿ ತೆರೆಯಿತು. ಡಾಂಬರು ತೆಗೆದು, ನೆಲದಡಿಯ ಕೊಳವೆಯಲ್ಲಿ ಹರಿಯುತ್ತಿರುವ ತೊರೆಯನ್ನು ಬಯಲಿಗೆ ತಂದು, ದಿಬ್ಬದ ನೆನಪಿಗೆ ಹುಲ್ಲು ಹೂ ಬೆಳೆದ ಮಣ್ಣಿನ ಗುಡ್ಡ ಕಟ್ಟುವುದು, ಕುಣಿತಕ್ಕೂ ಪ್ರಾರ್ಥನೆಗೂ ಜಾಗ ಮಾಡುವುದು ಅವರ ಯೋಜನೆ. ಒಕ್ಕೂಟ ಸರ್ಕಾರದ ಮನ್ನಣೆ ಪಡೆದ 570ಕ್ಕೂ ಹೆಚ್ಚು ಬುಡಕಟ್ಟುಗಳ ಪಟ್ಟಿಯಲ್ಲಿ ಲಿಶಾನ್ ಹೆಸರಿಲ್ಲ. ಆದ್ದರಿಂದ ಆ ನೆಲದ ಹಕ್ಕುಪತ್ರವಿರುವುದು ಬುಡಕಟ್ಟಿನ ಹೆಸರಿನಲ್ಲಲ್ಲ, ಟ್ರಸ್ಟಿನ ಹೆಸರಿನಲ್ಲಿ.